ಡುಬ್ಬಕ್ಕೆ ಮೂಳೆ ಇಲ್ಲ



ಹೋದ ವಾರ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಮನೆಯ ಶೆಲ್ಫಿನ ಫೋಟೋ ಓಡಾಡಿದ್ದನ್ನ ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಹಾಕಿದ್ದು ನಾನಲ್ಲ, ಮಗಳ ಹುಟ್ಟುಹಬ್ಬಕ್ಕೆ ಬಂದಿದ್ದ ಗೆಳೆಯರೊಬ್ಬರು. ಬಾಬಾಸಾಹೇಬರ ಸಂಪುಟಗಳು, ಅವುಗಳ ಮುಂದೆ ಸಾಲಾಗಿ ನಿಂತ ಪ್ಲಾಸ್ಟಿಕ್ ಪ್ರಾಣಿಗಳು. ಕೆಳಗೆ ನಗೋ ಇಮೋಜಿಗಳ ಮಧ್ಯೆ ಒಬ್ಬ ಹುಡುಗ, ನನಗೆ ತುಂಬಾ ಬೇಕಾದ ಹುಡುಗ, ನಗದೇ ಬರೆದಿದ್ದ: "ಅಣ್ಣ, ಅಟ್ರಾಸಿಟಿ ಕೇಸಿನ ಖರ್ಚಿಗೆ ನಾವು ನೂರು, ಇನ್ನೂರು ಅಂತ ಎತ್ತುತಾ ಇದೀವಿ. ನೀವು ಎರಡು ಸಾವಿರದ ಆನೆ ಗೊಂಬೆ ತಗೊಂಡು ಇಟ್ಕೊಂಡಿದೀರಲ್ಲ."

ಗ್ರೂಪಿನಲ್ಲಿ ಉತ್ತರ ಕೊಡಲಿಲ್ಲ. ಇಲ್ಲಿ ಕೊಡ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲಿಗೆ, ಅದು ಆನೆ ಅಲ್ಲ. ಡೈನೋಥೀರಿಯಂ. ಆನೆಯ ದೂರದ ದಾಯಾದಿ. ಆನೆಗೆ ದಂತ ಮೇಲಿನ ದವಡೆಯಿಂದ ಬರುತ್ತೆ, ಇದಕ್ಕೆ ಕೆಳದವಡೆಯಿಂದ ಹೊರಟು ನೆಲದ ಕಡೆಗೆ ಬಾಗುತ್ತೆ. ಯುರೋಪಿನಲ್ಲಿ ಇದರ ದವಡೆ ಮೊದಲು ಸಿಕ್ಕಾಗ ವಿಜ್ಞಾನಿಗಳೇ ಅದನ್ನ ತಲೆಕೆಳಗು ಮಾಡಿ ಜೋಡಿಸಿಕೊಂಡಿದ್ದರು. ನಮ್ಮ ಶಿವಾಲಿಕ್ ಬೆಟ್ಟಗಳಲ್ಲೂ, ಗುಜರಾತಿನ ಕಛ್‌ನಲ್ಲೂ ಇದರ ಪಳೆಯುಳಿಕೆ ಸಿಕ್ಕಿದೆ. ಎರಡನೆಯದಾಗಿ, ಎರಡು ಸಾವಿರ ಅಲ್ಲ, ಎರಡು ಸಾವಿರದ ನಾನೂರು. ಸುಳ್ಳು ಹೇಳಬಾರದು.

ನನ್ನ ಹತ್ತಿರ ಒಟ್ಟು ಮೂವತ್ತೊಂದು ಇವೆ. ಡೈನೋಸಾರ್ ಒಂದೂ ಇಲ್ಲ. ಈ ಗೊಂಬೆ ಲೋಕದಲ್ಲೂ ಮೇಲು ಕೀಳು ಉಂಟು ಕಣ್ರೀ! ಡೈನೋಸಾರ್‌ಗಳು ಮೇಲಿನ ಅಗ್ರಹಾರದವು, ಯಾವ ಅಂಗಡಿಗೆ ಹೋದರೂ ಮುಂದಿನ ಸಾಲು ಅವಕ್ಕೇ. ಆಮೇಲೆ ಬಂದ ಸಸ್ತನಿಗಳು, ಹಾರಲಾರದ ದೊಡ್ಡ ಹಕ್ಕಿಗಳು ಮೂಲೆಯಲ್ಲಿ. ಜರ್ಮನಿಯ ಶ್ಲೈಕ್, ಫ್ರಾನ್ಸಿನ ಪಾಪೋ, ಅಮೆರಿಕದ ಸಫಾರಿ ಕಂಪನಿಗಳು ಮ್ಯಾಮತ್, ಕತ್ತಿಹಲ್ಲಿನ ಸ್ಮಿಲೋಡಾನ್ ಇವನ್ನ ಮಾಡಿದ್ದಾವೆ. ಕಲೆಕ್ಟಾ ಅನ್ನೋದು ಇನ್ನೂ ಸ್ವಲ್ಪ ಧೈರ್ಯ ಮಾಡಿ ಡೈನೋಥೀರಿಯಂ, ಕೆಲೆಂಕೆನ್ ತರದವನ್ನೂ ಮಾಡ್ತು. ಕೆಲೆಂಕೆನ್ ಅರ್ಜೆಂಟೀನಾದ ಮಾಂಸಾಹಾರಿ ಹಕ್ಕಿ, ತಲೆಬುರುಡೆಯೇ ಸುಮಾರು 71 ಸೆಂಟಿಮೀಟರ್ ಉದ್ದ. ಆ ಬುರುಡೆ ಸಿಕ್ಕಿದ್ದು ಒಬ್ಬ ಹೈಸ್ಕೂಲ್ ವಿದ್ಯಾರ್ಥಿಗೆ. ಇದನ್ನ ನಮ್ಮ ಹಾಸ್ಟೆಲ್ ಮಕ್ಕಳಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಶುರುವಾಗಿದ್ದು ಮಗಳಿಗೋಸ್ಕರ. ಬೆಂಗಳೂರಿನ ಸಂಡೆ ಬಜಾರಿನಲ್ಲಿ ಹಳೇ ಚಾರ್ಜರ್, ತುಕ್ಕು ಹಿಡಿದ ಸ್ಪ್ಯಾನರ್ ಗುಡ್ಡೆಯ ಕೆಳಗೆ ಒಂದು ಸ್ಮಿಲೋಡಾನ್ ಬಿದ್ದಿತ್ತು. ಬಾಲ ಮುರಿದಿತ್ತು. ನಲವತ್ತು ರೂಪಾಯಿ. ಮಗಳು ಎರಡು ವಾರ ಆಡಿದಳು, ಬಿಟ್ಟಳು. ನನಗೆ ಬಿಡೋಕೆ ಆಗಲಿಲ್ಲ. ರಾತ್ರಿ ಊಟ ಆದಮೇಲೆ ಕೈಯಲ್ಲಿ ಹಿಡ್ಕೊಂಡು ತಿರುಗಿಸ್ತಾ ಕೂರೋನು. ಯಾಕೆ ಅಂತ ಆಗ ನನಗೇ ಗೊತ್ತಿರಲಿಲ್ಲ.

ಈಗ ಸ್ವಲ್ಪ ಗೊತ್ತಿದೆ. ಚಿಕ್ಕವನಿದ್ದಾಗ ನನ್ನ ಆಟದ ಸಾಮಾನು ಅಂದ್ರೆ ಮೂಳೆ. ದನದ ಗೊರಸಿನ ಮೇಲೆ ಒಂದು ಗಿಣ್ಣು ಮೂಳೆ ಇರುತ್ತೆ, ಒಣಗಿಸಿ ನೆಲದ ಮೇಲೆ ಇಟ್ಟರೆ ಬೀಳದೇ ನಿಲ್ಲುತ್ತೆ. ಒಂದು ಇಟ್ಟರೆ ಬಸವ, ಎರಡು ಇಟ್ಟರೆ ಜೋಡೆತ್ತು. ಕಡ್ಡಿಯಲ್ಲಿ ನೊಗ ಮಾಡಿ ದಾರ ಕಟ್ಟಿ ಕೇರಿಯ ಹುಡುಗರೆಲ್ಲ ಉಳ್ತಾ ಇದ್ವಿ. ಅಪ್ಪ ಊರಿನ ಸತ್ತ ದನ ಎತ್ತೋರು. ಚರ್ಮ ಸುಲಿದು, ಮೂಳೆ ಒಣಗಿಸಿ, ಕೊಳ್ಳೋರ ಲಾರಿ ಬರೋತನಕ ಕೇರಿಯ ಹಿಂದೆ ಗುಡ್ಡೆ ಹಾಕೋರು. ಎರಡನೇ ಕ್ಲಾಸಿನಲ್ಲಿ ಮೇಷ್ಟ್ರೊಬ್ಬರು ನನ್ನ ಚೀಲದಲ್ಲಿ ಆ ಬಸವನ್ನ ಕಂಡರು. ಹೊಡೆಯಲಿಲ್ಲ, ಹೊಡೆಯೋಕೆ ಮುಟ್ಟಬೇಕಲ್ಲ. ಚೀಲದ ಸಮೇತ ಹೊರಗೆ ನಿಲ್ಲಿಸಿದರು. ಅವತ್ತು ನಾಲ್ಕು ಬಸವನನ್ನೂ ಕೆರೆಗೆ ಎಸೆದೆ.

1991, ಬಾಬಾಸಾಹೇಬರ ಜನ್ಮಶತಮಾನೋತ್ಸವದ ವರ್ಷ. ಸಂಘಟನೆಯ ಅಣ್ಣಂದಿರು ಬಂದು ಕೇರಿಯಲ್ಲಿ ರಾತ್ರಿ ಮೀಟಿಂಗ್ ಮಾಡಿದರು. 1927ರಲ್ಲೇ ಬಾಬಾಸಾಹೇಬರು ಮಹಾಡ್‌ನಲ್ಲಿ ನಿಲ್ಲಿಸಿ ಅಂದಿದ್ದನ್ನ ನಾವು ಅರವತ್ತನಾಲ್ಕು ವರ್ಷ ಆದಮೇಲೆ ನಿಲ್ಲಿಸಿದ್ವಿ. ಮೂರು ತಿಂಗಳು ಊರಲ್ಲಿ ಯಾರೂ ಕೂಲಿಗೆ ಕರೀಲಿಲ್ಲ. ಅವ್ವ ಪಕ್ಕದ ಊರಿಗೆ ನಡೆದು ಹೋಗಿ ಕಬ್ಬಿನ ರವುದಿ ಬಿಡಿಸಿ ಬರೋಳು. ಅಪ್ಪ ಆ ಚೂರಿಯನ್ನ ಏನು ಮಾಡಿದರೋ ಗೊತ್ತಿಲ್ಲ, ಮತ್ತೆ ಮನೆಯಲ್ಲಿ ಕಾಣಲಿಲ್ಲ. ಆ ವಿಷಯದ ಮಾತೂ ಅಲ್ಲಿಗೆ ನಿಂತಿತು. ನಾನು ಬಿಎ ಮಾಡಿ, ಕೆಲಸ ಸಿಕ್ಕಿ, ಮದುವೆ ಆದಮೇಲೆ ಒಂದು ಸಲ ಅಪ್ಪ ಮಗಳ ಮುಂದೆ ಏನೋ ಹಳೇ ಕಥೆ ತೆಗೆದಾಗ, "ಅಪ್ಪ, ಅದೆಲ್ಲ ಬ್ಯಾಡ" ಅಂದಿದ್ದೆ. ಅವರು ಸುಮ್ಮನಾದರು. ಭಾಷಣದಲ್ಲಿ ನಾನು ಅವಮಾನದ ಬಗ್ಗೆ ಎಷ್ಟು ಮಾತಾಡಿದೀನಿ! ಮನೆಯಲ್ಲಿ ಹೀಗೆ.

2016ರ ಜುಲೈ. ಊನಾದ ವಿಡಿಯೋ ನಿಮಗೆ ನೆನಪಿರುತ್ತೆ. ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ನಮ್ಮ ನಾಲ್ಕು ಹುಡುಗರನ್ನ ಗಾಡಿಗೆ ಕಟ್ಟಿ, ಅಂಗಿ ಬಿಚ್ಚಿಸಿ, ರಾಡಿನಲ್ಲಿ ಹೊಡೆದಿದ್ದು. ಅಪ್ಪ ಕಣ್ಣಿನ ಆಪರೇಷನ್‌ಗೆ ಅಂತ ನಮ್ಮ ಮನೆಗೆ ಬಂದಿದ್ದರು. ಟಿವಿಯಲ್ಲಿ ಮತ್ತೆ ಮತ್ತೆ ಅದೇ. ನಾನು ಫೋನಿನಲ್ಲಿ ಪ್ರತಿಭಟನೆಗೆ ಜನ ಸೇರಿಸ್ತಾ ಇದ್ದೆ. ಅಪ್ಪ ಶೆಲ್ಫಿನ ಹತ್ತಿರ ಹೋಗಿ ಆ ಬಾಲ ಮುರಿದ ಸ್ಮಿಲೋಡಾನ್ ತಗೊಂಡು ಬೆಳಕಿಗೆ ಹಿಡಿದು ನೋಡಿದರು.

"ಇದೇನ್ಲಾ ಮಗ, ಹೊಟ್ಟೆಗಿಲ್ದೆ ಸತ್ತದಾ?"

ನೋಡಿದೆ. ಪಕ್ಕೆಲುಬು ಎದ್ದು ಕಾಣ್ತಿತ್ತು, ಸೊಂಟದ ಮೂಳೆ ಚರ್ಮಕ್ಕೆ ಅಂಟಿಕೊಂಡಿತ್ತು. ಅಲ್ಲಿತನಕ ಅದು ನನಗೆ ಗತ್ತು ಅನ್ನಿಸಿತ್ತು.

"ಇಲ್ಲ ಅಪ್ಪ, ಹಿಂದೆ ಇದ್ದ ಪ್ರಾಣಿ. ಮೂಳೆ ಮಾತ್ರ ಸಿಕ್ಕವೆ. ಅದ್ರ ಮೇಲೆ ಅಂದಾಜಲ್ಲಿ ಮಾಡ್ತಾರೆ."

"ಅದೇಯ. ಬರೀ ಮೂಳೆ ನೋಡ್ದೋನು ಮಾಡವ್ನೆ. ನಮ್ ದನದ್ ಡುಬ್ಬಕ್ ಮೂಳೆ ಎಲ್ಲದೆ? ಗಂಗೆದೊಗಲಿಗ್ ಎಲ್ಲದೆ? ಮೂಳೆ ಅಷ್ಟೇ ಸಿಕ್ರೆ ಇವ್ರು ಹಳ್ಳಿಕಾರ್ ಹೋರಿನೂ ಕತ್ತೆ ಮಾಡ್ಬುಡ್ತಾರೆ."

ಆಮೇಲೆ ಅವರ ಮಾತು ನಿಲ್ಲಲಿಲ್ಲ. ಇಪ್ಪತ್ತೈದು ವರ್ಷ ತಡೆದಿದ್ದು. ಡುಬ್ಬದ ಒಳಗೆ ಬರೀ ಮಾಂಸ, ಕೊಬ್ಬು. ಆದರೆ ಅದರ ಕೆಳಗಿನ ಬೆನ್ನುಮೂಳೆಯ ಮುಳ್ಳಿನ ತುದಿ ಸೀಳಿ ಎರಡಾಗಿರ್ತದೆ, ಎಮ್ಮೆಗೆ ಹಾಗಿರಲ್ಲ. ಮುಂಗಾಲಿನ ಹೆಗಲ ಮೂಳೆ ಮೈಗೆ ಮೂಳೆಯಿಂದ ಕೂಡಿಕೊಂಡಿಲ್ಲ, ಮಾಂಸದಲ್ಲೇ ತೂಗು ಹಾಕಿದೆ, ಅದಕ್ಕೇ ಚೂರಿ ಒಂದು ಸಲ ಎಳೆದರೆ ಬಿಟ್ಕೊಳ್ತದೆ. ಎಲ್ಲಿ ಕೊಬ್ಬು ಮೊದಲು ಕರಗ್ತದೆ, ಉಳುಮೆ ಮಾಡಿದ ಎತ್ತಿನ ಕೀಲು ಮುದಿಯಾದಾಗ ಹೇಗೆ ಗಂಟು ಕಟ್ತದೆ. ಮಗಳು ಬಂದು ಪಕ್ಕದಲ್ಲಿ ಕೂತಳು. ನಾನು ಬೇಡ ಅನ್ನಲಿಲ್ಲ. ಟಿವಿಯಲ್ಲಿ ಊನಾ ಓಡ್ತಾನೇ ಇತ್ತು.

ಆಮೇಲೆ ಓದಿದಾಗ ಗೊತ್ತಾಯ್ತು. ಅಪ್ಪ ಹೇಳಿದ ಆ ಸೀಳಿದ ಮುಳ್ಳನ್ನೇ ನೋಡಿ ಪುರಾತತ್ವದವರು ಉತ್ಖನನದಲ್ಲಿ ಸಿಕ್ಕ ಮೂಳೆ ಡುಬ್ಬದ ದನದ್ದು ಅಂತ ಗುರುತಿಸ್ತಾರಂತೆ. ಇನ್ನು ಆ ಒಣಕಲು ಸ್ಮಿಲೋಡಾನ್ ತಪ್ಪಿಗೆ ಇಂಗ್ಲಿಷಿನಲ್ಲಿ ಹೆಸರೇ ಇದೆ, ಶ್ರಿಂಕ್ ರ‍್ಯಾಪಿಂಗ್ ಅಂತ. ಅಂದ್ರೆ ಮೂಳೆಯ ಮೇಲೆ ಚರ್ಮವನ್ನ ಪ್ಲಾಸ್ಟಿಕ್ ಕವರ್ ತರ ಬಿಗಿದುಬಿಡೋದು. 2012ರಲ್ಲಿ ಆಲ್ ಯೆಸ್ಟರ್‌ಡೇಸ್ ಅನ್ನೋ ಪುಸ್ತಕ ಬಂದು ಈ ಬಗ್ಗೆ ದೊಡ್ಡ ಚರ್ಚೆ ಆಯ್ತು. ಇವತ್ತಿನ ಪ್ರಾಣಿಗಳನ್ನೇ ಮೂಳೆ ಮಾತ್ರ ನೋಡಿ ಬಿಡಿಸಿದರೆ ಎಷ್ಟು ವಿಕಾರ ಆಗ್ತವೆ ಅಂತ ಅದರಲ್ಲಿ ಚಿತ್ರ ಬರೆದು ತೋರಿಸಿದ್ದಾರೆ. ಅಪ್ಪ ಹಳ್ಳಿಕಾರ್ ಹೋರಿಯಲ್ಲಿ ತೋರಿಸಿದ್ದೂ ಅದನ್ನೇ.

ಇಲ್ಲಿ ಒಂದು ಎಚ್ಚರಿಕೆ. ಇದನ್ನ ಕುಲಕಸುಬಿನ ಹೊಗಳಿಕೆ ಅಂತ ಯಾರೂ ಹೊತ್ಕೊಂಡು ಹೋಗಬೇಡಿ. ಅದು ನಿಂತಿದ್ದು ಸರಿ, ಇನ್ನೂ ನಿಲ್ಲದ ಕಡೆ ನಿಲ್ಲಬೇಕು. ಊನಾ ಆದಮೇಲೆ ಸುರೇಂದ್ರನಗರದಲ್ಲಿ ನಮ್ಮ ಜನ ಸತ್ತ ದನಗಳನ್ನ ತಂದು ಸರ್ಕಾರಿ ಕಚೇರಿ ಮುಂದೆ ಹಾಕಿದ್ದು ನನಗೆ ಇವತ್ತಿಗೂ ರೋಮಾಂಚನ. ಆದರೆ ಕಸುಬು ಬಿಡೋದು ಬೇರೆ, ಅಪ್ಪನ ಬಾಯಿ ಮುಚ್ಚಿಸೋದು ಬೇರೆ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಡೋಡೋ ವಿಷಯಕ್ಕೆ ಬರ್ತೀನಿ. ಫೋಟೋದಲ್ಲಿ ಎಡಗಡೆ ಕೊನೆಯಲ್ಲಿರೋ ಬಾತುಕೋಳಿ ತರದ್ದು. ಅದನ್ನ ಅಪ್ಪನಿಗೆ ತೋರಿಸಿದಾಗ, "ಇದನ್ನ ಕಟ್ಟಾಕಿ ಮೇಯ್ಸವ್ರೆ" ಅಂದರು. ಅದೂ ಸರಿಯೇ! ಯುರೋಪಿನ ಹಳೇ ಚಿತ್ರಗಳಲ್ಲಿ ಡೋಡೋ ಅಷ್ಟು ದಪ್ಪ ಇರೋದು, ಹಡಗಲ್ಲಿ ಹಿಡಿದು ತಂದು ಸಿಕ್ಕಿದ್ದು ತಿನ್ನಿಸಿದ್ದಕ್ಕೆ ಅಂತ ಕೆಲವು ಪರಿಣತರು ಹೇಳ್ತಾರೆ. ಸುಮಾರು 1625ರಲ್ಲಿ ಮೊಘಲ್ ಆಸ್ಥಾನದ ಉಸ್ತಾದ್ ಮನ್ಸೂರ್ ಬಿಡಿಸಿದ್ದು ಅನ್ನೋ ಚಿತ್ರದಲ್ಲಿ ಹಕ್ಕಿ ತೆಳ್ಳಗಿದೆ. ಆ ಕಾಲದಲ್ಲಿ ಸೂರತ್‌ನಲ್ಲಿ ಜೀವಂತ ಡೋಡೋ ನೋಡಿದೆ ಅಂತ ಪೀಟರ್ ಮಂಡಿ ಅನ್ನೋ ಇಂಗ್ಲಿಷ್ ಪ್ರವಾಸಿ ಬರೆದಿದ್ದಾನೆ.

ಡೋಡೋ ಮಾರಿಷಸ್ಸಿನಲ್ಲಿ 1600ರ ದಶಕಗಳು ಮುಗಿಯೋ ಹೊತ್ತಿಗೆ ಇಲ್ಲವಾಯ್ತು. ಆಮೇಲೆ ಒಂದೂವರೆ ಶತಮಾನ ಪ್ರಪಂಚಕ್ಕೆ ಉಳಿದಿದ್ದು ಆಕ್ಸ್‌ಫರ್ಡಿನಲ್ಲಿ ಒಂದು ತಲೆ, ಒಂದು ಪಾದ, ಮತ್ತೆ ಅಲ್ಲೊಂದು ಇಲ್ಲೊಂದು ತುಂಡು. 1865ರಲ್ಲಿ ಮಾರಿಷಸ್ಸಿನ ಮೇರ್ ಓ ಸೋಂಜ್ ಅನ್ನೋ ಜವುಗಿನ ಹತ್ತಿರ, ಇವತ್ತಿನ ವಿಮಾನ ನಿಲ್ದಾಣದಿಂದ ದೂರವೇನಿಲ್ಲ, ರೈಲು ದಾರಿ ಕೆಲಸ ನಡೀತಿತ್ತು. ಹ್ಯಾರಿ ಹಿಗ್ಗಿನ್ಸನ್ ಅನ್ನೋ ಇಂಜಿನಿಯರ್ ಒಂದು ಬೆಳಿಗ್ಗೆ ಏರಿಯ ಮೇಲೆ ನಡೆದು ಬರುವಾಗ, ಕೆಸರು ಮಣ್ಣು ತೆಗೀತಿದ್ದ ಕೂಲಿಗಳು ಅದರಲ್ಲಿ ಸಿಕ್ಕ ಮೂಳೆಗಳನ್ನ ಬೇರೆ ಮಾಡಿ ಗುಡ್ಡೆ ಹಾಕ್ತಿದ್ದಿದ್ದನ್ನ ನೋಡಿದ. ಮಾಯೆಬೂರ್ ಊರಿನ ಸರ್ಕಾರಿ ಶಾಲೆಯ ಮೇಷ್ಟ್ರು ಜಾರ್ಜ್ ಕ್ಲಾರ್ಕ್ ವರ್ಷಗಟ್ಟಲೆ ಡೋಡೋ ಮೂಳೆ ಹುಡುಕಿ ಸೋತಿದ್ದವನು. ಅವನು ಬಂದು ಕೂಲಿಗಳನ್ನ ಜವುಗಿನ ನಡುವಿಗೆ ಇಳಿಸಿದ. ಮೂರು ಅಡಿ ನೀರು. ಬರಿಗಾಲಲ್ಲಿ ಕೆಸರು ತಡಕಿ ಅವರು ಮೂಳೆ ಹುಡುಕಿದರು. ಡೋಡೋ ಸಿಕ್ಕಿತು.

ಆ ಮೂಳೆಗಳು ಲಂಡನ್ನಿಗೆ ಹೋದವು, ಕೆಲವು ಹರಾಜಾದವು. 1866ರಲ್ಲಿ ರಿಚರ್ಡ್ ಓವನ್ ಅದರ ಮೇಲೆ ಗ್ರಂಥ ಬರೆದ. ಮೊದಲು ಕಂಡಿದ್ದು ಕ್ಲಾರ್ಕೋ ಹಿಗ್ಗಿನ್ಸನ್ನೋ ಅಂತ ವಾದ ಮಾಡೋರು ಇದ್ದಾರೆ. ಇಬ್ಬರೂ ಅಲ್ಲ ಸ್ವಾಮಿ. ಗುಡ್ಡೆ ಹಾಕ್ತಿದ್ದೋರು ಯಾರು?

1834ರಿಂದ ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಇಂಡಿಯಾದಿಂದ ಕರಾರಿನ ಮೇಲೆ ಹೋದವರು ಹತ್ತಿರ ಹತ್ತಿರ ಐದು ಲಕ್ಷ ಜನ. ಅವರು ಇಳಿದ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್ 2006ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 1865ರಲ್ಲಿ ಅಲ್ಲಿ ಕೂಲಿ ಅಂದ್ರೆ ಬಹುಪಾಲು ಇವರೇ. ಆ ಪದ ಕೂಡ ನಮ್ಮದೇ ತಾನೇ. ಜವುಗಿಗೆ ಇಳಿದವರ ಹೆಸರೂ ಇಲ್ಲ, ಜಾತಿಯೂ ಇಲ್ಲ. ಹಾಗಾಗಿ ಅವರು ನಮ್ಮವರೇ ಅಂತ ನಾನು ಘೋಷಣೆ ಕೂಗಲ್ಲ, ಪುರಾವೆ ಇಲ್ಲದ್ದನ್ನ ಕೂಗೋರ ಕಾಟ ಈಗಾಗಲೇ ದೇಶಕ್ಕೆ ಸಾಕಷ್ಟಿದೆ. ಆದರೆ ನನಗೆ ಒಂದು ವಿಷಯ ಬಿಡದೇ ಕಾಡುತ್ತೆ. ಕೆಸರಲ್ಲಿ ಮೂಳೆ ಸಿಕ್ಕರೆ ಎತ್ತಿ ಬಿಸಾಕದೆ, ಬೇರೆ ಮಾಡಿ ಗುಡ್ಡೆ ಹಾಕಬೇಕು ಅಂತ ಯಾವ ಕೈಗೆ ಗೊತ್ತಿರುತ್ತೆ? ಪಾದಕ್ಕೆ ತಗುಲಿದ್ದು ಬೇರಲ್ಲ, ಕಲ್ಲಲ್ಲ, ಮೂಳೆ ಅಂತ ಯಾರ ಪಾದಕ್ಕೆ ತಿಳಿಯುತ್ತೆ? ಕೇರಿಯ ಹಿಂದಿನ ಗುಡ್ಡೆ ಕಣ್ಣ ಮುಂದೆ ಬರುತ್ತೆ.

ಅಪ್ಪ ಹೋಗಿ ಮೂರು ವರ್ಷ ಆಯ್ತು. ಆ ಡೈನೋಥೀರಿಯಂ ಅವರು ತೀರಿಕೊಂಡ ಮೇಲೆ ತಗೊಂಡಿದ್ದು. ಬಾಕ್ಸ್ ಬಿಚ್ಚಿದಾಗ ಮೊದಲು ನೋಡಿದ್ದೇ ಪಕ್ಕೆ. ಚೆನ್ನಾಗಿ ಮೈ ತುಂಬಿಕೊಂಡಿದೆ. ತೋರಿಸೋಕೆ ಅವರಿಲ್ಲ. ಆ ಎರಡು ಸಾವಿರದ ನಾನೂರು ದುಂದು ಹೌದೋ ಅಲ್ಲವೋ ನಾನು ಇನ್ನೂ ತೀರ್ಮಾನ ಮಾಡಿಲ್ಲ. ಆ ತಿಂಗಳು ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳು ಅನ್ನೋದೂ ನಿಜ. ಕೇಳಿದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ ತಮ್ಮಾ. ಕೇಳೋ ಹಕ್ಕು ನಿನಗಿದೆ. ನಮ್ಮ ಜನ ಒಂದು ಗೊಂಬೆ ಇಟ್ಟುಕೊಂಡರೂ ಲೆಕ್ಕ ಒಪ್ಪಿಸಬೇಕಾ ಅನ್ನೋ ಪ್ರಶ್ನೆ ನನ್ನ ಹತ್ತಿರವೂ ಇದೆ, ಅದನ್ನ ನಿನ್ನ ಮುಂದೆ ಕೂತು ಕೇಳ್ತೀನಿ, ಗ್ರೂಪಿನಲ್ಲಿ ಅಲ್ಲ.

ಮಗಳು ಈಗ ಪಿಯುಸಿ, ಬಯಾಲಜಿ ತಗೊಂಡಿದಾಳೆ. ಹೋದ ತಿಂಗಳು ಊರಿಗೆ ಹೋದಾಗ ಕೆರೆ ಏರಿಯ ಹತ್ತಿರ ಒಂದು ಗಿಣ್ಣು ಮೂಳೆ ಹುಡುಕಿ ತಂದು, ತೊಳೆದು, ಡೋಡೋ ಪಕ್ಕ ನಿಲ್ಲಿಸಿದಾಳೆ. ಫೋಟೋ ಜೂಮ್ ಮಾಡಿದರೆ ಕಾಣುತ್ತೆ. ಬೀಳದೇ ನಿಂತಿದೆ.

ಬರೋ ಭಾನುವಾರ ಬೆಳಿಗ್ಗೆ ಏಳಕ್ಕೆ ಸಂಡೆ ಬಜಾರಿಗೆ ಹೋಗ್ತಿದೀನಿ, ಬರೋರು ಬನ್ನಿ, ಎಂಟರ ಮೇಲೆ ಒಳ್ಳೇದು ಏನೂ ಉಳಿದಿರಲ್ಲ. ಹಾಗೇ ಕೇಸಿನ ವಂತಿಗೆ ಈ ತಿಂಗಳು ಐದು ಜನ ಇನ್ನೂ ಕೊಟ್ಟಿಲ್ಲ. ನನ್ನದು ಒಂದನೇ ತಾರೀಖೇ ಹೋಗಿದೆ, ರಸೀದಿ ನಂಬರ್ ಖಜಾಂಚಿಗೆ ಗೊತ್ತು.