ಬಂಡೆಯ ಮಾರ್ದನಿ, ಬೀಸುವ ಹಾಡು

ಹಂಪಿಯ ಬಂಡೆಗಳ ಎದುರು ನಿಂತು ಒಮ್ಮೆಯಾದರೂ ಕೂಗು ಹಾಕದವರು ನಮ್ಮ ಕಂಪ್ಲಿ ಸೀಮೆಯಲ್ಲಿ ಸಿಗುವುದು ಕಷ್ಟ. ನಾವಂತೂ ‘ಕೂ’ ಎಂದು ಕೂಗಿ, ಬಂಡೆ ತಿರುಗಿ ‘ಕೂ’ ಅನ್ನುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಅದರ ಲೆಕ್ಕ ಆಮೇಲೆ ತಿಳಿಯಿತು. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಬಂಡೆ ನೂರು ಮೀಟರ್ ದೂರವಿದ್ದರೆ, ಹೋಗಿ ಬರಲು ಹತ್ತಿರಹತ್ತಿರ 600 ಮಿಲಿಸೆಕೆಂಡು ಬೇಕು. ಬಂಡೆ ಯಾರ ಲಯಕ್ಕೂ ಕಾಯುವುದಿಲ್ಲ. ಅದರ ಜೊತೆ ಹಾಡಬೇಕೆಂದರೆ ನಾವೇ ಅದರ ಲಯ ಹಿಡಿಯಬೇಕು.

ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡುವ ನನಗೆ, ದನಿಯನ್ನು ತಡಮಾಡಿ ಮರಳಿಸುವ ಡಿಲೇ ಪ್ಲಗ್‌ಇನ್ ಅಂದರೆ ಹೇಳಿದಂತೆ ಕೇಳುವ ಬಂಡೆ. ‘ಸಿಂಕ್’ ಒತ್ತಿದರೆ ಸಾಕು, ಅದು ಹಾಡಿನ ಟೆಂಪೊವನ್ನು ತಾನೇ ಓದಿಕೊಳ್ಳುತ್ತದೆ. ಒಂದು ನಿಮಿಷದ 60,000 ಮಿಲಿಸೆಕೆಂಡನ್ನು ಟೆಂಪೊದಿಂದ, ಅಂದರೆ ನಿಮಿಷಕ್ಕೆ ಬೀಳುವ ಪೆಟ್ಟುಗಳಿಂದ, ಭಾಗಿಸಿದರೆ ಒಂದು ಪೆಟ್ಟಿನ ಅಳತೆ ಸಿಗುತ್ತದೆ: ಟೆಂಪೊ 100 ಇದ್ದರೆ 600 ಮಿಲಿಸೆಕೆಂಡು, 120ಕ್ಕೆ ಏರಿಸಿದರೆ 500. ದನಿಯನ್ನು ಅಲೆಯಾಡಿಸುವ ಟ್ರೆಮೊಲೊ, ಫೇಸರ್‌ಗಳ ಏರಿಳಿತವೂ ಹೀಗೆಯೇ ತಾಳಕ್ಕೆ ಕೂಡಿಕೊಳ್ಳುತ್ತದೆ.

ಆದರೆ ಗುಂಡಿ ಒತ್ತಿದ ಮಾತ್ರಕ್ಕೆ ಕೆಲಸ ಮುಗಿಯದು ಎಂದು ಕಲಿಸಿದವರು ನಮ್ಮ ಓಣಿಯ ಅಜ್ಜಿ. ಅವರು ಹಾಡಿದ ಬೀಸುವ ಹಾಡಿಗೆ ಎಂಟನೇ ಭಾಗದ, ಅಂದರೆ ಅರ್ಧ ಪೆಟ್ಟಿನ, ಡಿಲೇ ಹಾಕಿ ಕೇಳಿಸಿದೆ. ‘ಯಾರೋ ಹಿಂದ ಎಡವಿದಂಗ ಕೇಳ್ತೈತಲ್ಲೋ ತಮ್ಮಾ’ ಅಂದರು. ನಿಜ. ಹಾಡು ತಿಸ್ರ ನಡೆಯದು. 600 ಮಿಲಿಸೆಕೆಂಡಿನ ಪೆಟ್ಟಿನೊಳಗೆ ಇನ್ನೂರು ಇನ್ನೂರರ ಮೂರು ಹೆಜ್ಜೆ. ನನ್ನ ಡಿಲೇ 300ಕ್ಕೆ, ಅಂದರೆ ಎರಡು ಹೆಜ್ಜೆಗಳ ನಡುವೆ ಕಾಲು ಹಾಕುತ್ತಿತ್ತು. ಪೆಟ್ಟನ್ನು ಮೂರಾಗಿ ಒಡೆಯುವ ಟ್ರಿಪ್ಲೆಟ್ಟಿಗೆ ಬದಲಿಸಿದೆ, 200ಕ್ಕೆ ಸರಿಯಾಗಿ ಕೂತಿತು.

ಅಷ್ಟಾದರೂ ಎರಡನೇ ನುಡಿಗೆ ಬರುವ ಹೊತ್ತಿಗೆ ಡಿಲೇ ಮತ್ತೆ ಹಿಂದೆ ಬಿತ್ತು. ಅಜ್ಜಿ ತಾಳ ಎಣಿಸುವ ಕ್ಲಿಕ್ ಕೇಳಿಕೊಂಡು ಹಾಡಿದವರಲ್ಲ. ಕಲ್ಲು ಹಗುರಾದಂತೆ ಹಾಡೂ ಚುರುಕಾಗುತ್ತದೆ. ಇದು ತಪ್ಪಲ್ಲ, ಹಾಡಿನ ಜೀವ. 2014ರಲ್ಲಿ ತೀರಿಕೊಂಡ ನಮ್ಮ ಪಕ್ಕದ ದರೋಜಿಯ ಈರಮ್ಮನವರು ಹಾಡಿದ ಬುರ್ರಕಥೆಗಳನ್ನೇ ನೆನೆಯಿರಿ. ಕಥೆ ನಡೆದಂತೆ ಲಯ ನಡೆಯುವ ಹಾಡುಗಾರಿಕೆ ಅದು. ಅಜ್ಜಿಯ ಹಾಡನ್ನು ಕತ್ತರಿಸಿ ಎಳೆದು ಒಂದೇ ಟೆಂಪೊಗೆ ಕೂರಿಸಲು ನನಗೆ ಕೈ ಬರಲಿಲ್ಲ.

ಹಾಗಾಗಿ ಹಾಡನ್ನು ಮುಟ್ಟಲಿಲ್ಲ, ಸಾಫ್ಟ್‌ವೇರಿನ ತಾಳದ ಗೆರೆಗಳನ್ನೇ ಸರಿಸಿದೆ. ಪ್ರತಿ ಆವರ್ತದ ಮೊದಲ ಪೆಟ್ಟು ಕಿವಿಗೆ ಬಿದ್ದಲ್ಲಿ ಒಂದೊಂದು ಟೆಂಪೊ ಗುರುತು ನೆಟ್ಟೆ: 96, 98, 101. ಒಂದು ಸಂಜೆಯೆಲ್ಲ ಹಿಡಿಯಿತು. ಈಗ ಡಿಲೇ ಆ ಗುರುತುಗಳನ್ನು ನೋಡಿಕೊಂಡು ಅಜ್ಜಿಯ ಹಿಂದೆಯೇ ನಡೆಯುತ್ತದೆ.

ಮರುದಿನ ಕೇಳಿಸಿದೆ. ಅಜ್ಜಿ ಏನೂ ಹೇಳಲಿಲ್ಲ. ಅವರ ಬಲಗೈ ಮಾತ್ರ ಚಾಪೆಯ ಮೇಲೆ ನಿಧಾನವಾಗಿ ಸುತ್ತತೊಡಗಿತು, ಬೀಸುವ ಕಲ್ಲಿನ ಗೂಟ ಹಿಡಿದಂತೆ.