ಹೊಳೆಯ ಈಚೆ ದಡದ ಕೊಪ್ಪ

ಮೈಸೂರಿನಿಂದ ಮಡಿಕೇರಿಗೆ ಹೊರಟ ಬಸ್ಸು ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಗಳನ್ನು ದಾಟಿ ಕಾವೇರಿ ಸೇತುವೆಯನ್ನು ಸಮೀಪಿಸುತ್ತಿದ್ದಂತೆ ಪ್ರಯಾಣಿಕರೆಲ್ಲ ಕಿಟಕಿಯತ್ತ ಬಾಗುತ್ತಾರೆ. ಹೊಳೆಯಲ್ಲಿ ನೀರು ಎಷ್ಟಿದೆ ಎಂದು ನೋಡುವ ಆತುರ. ಕೆಲವರು ಕೈ ಮುಗಿಯುತ್ತಾರೆ, ಕೆಲವರು ನಾಣ್ಯ ಎಸೆಯುತ್ತಾರೆ. ಅಷ್ಟರಲ್ಲಿ ಸೇತುವೆ ಮುಗಿದು ಕುಶಾಲನಗರ ಬಂದೇ ಬಿಡುತ್ತದೆ. ಆದರೆ ಸೇತುವೆಗೆ ಮುಂಚೆ ರಸ್ತೆಯ ಇಕ್ಕೆಲಗಳಲ್ಲಿ ಅಂಗಡಿ, ಹೋಟೆಲು, ಆಟೋ ನಿಲ್ದಾಣಗಳಿರುವ ಒಂದು ಊರು ಹಾದುಹೋಯಿತಲ್ಲ, ಅದನ್ನು ಯಾರೂ ಗಮನಿಸಿರುವುದಿಲ್ಲ. ಮೈಸೂರು ಜಿಲ್ಲೆ ಮುಗಿಯುವುದು ಅಲ್ಲೇ. ಅದೇ ಕೊಪ್ಪ.

ಕೊಪ್ಪ ಎಂದೊಡನೆ ಹಲವರಿಗೆ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು ಕೇಂದ್ರ ನೆನಪಾಗುತ್ತದೆ. ಮದ್ದೂರು ತಾಲ್ಲೂಕಿನಲ್ಲೂ ಒಂದು ಕೊಪ್ಪ ಇದೆ. ಕೊಪ್ಪ, ಕೊಪ್ಪಲು ಎಂದರೆ ಕನ್ನಡದಲ್ಲಿ ಸಣ್ಣ ಹಳ್ಳಿ, ನಾಲ್ಕು ಮನೆಗಳ ಬೀಡು ಎಂದರ್ಥ. ಹಾಗಾಗಿ ಈ ಹೆಸರಿನ ಊರುಗಳಿಗೆ ನಮ್ಮಲ್ಲಿ ಬರವಿಲ್ಲ. ಇಲ್ಲಿ ಹೇಳಹೊರಟಿರುವುದು ಪಿರಿಯಾಪಟ್ಟಣ ತಾಲ್ಲೂಕಿನ, ಗಡಿಯಂಚಿನ ಕೊಪ್ಪದ ವಿಷಯ.

ಕಾವೇರಿ ಪೂರ್ವಕ್ಕೆ ಹರಿಯುವ ನದಿ ಎಂದು ಪಾಠಪುಸ್ತಕ ಹೇಳುತ್ತದೆ. ಸರಿಯೇ. ಆದರೆ ಕೊಪ್ಪದ ಸೇತುವೆಯ ಮೇಲೆ ನಿಂತು ಸೂರ್ಯನನ್ನು ನೋಡಿಕೊಂಡು ದಿಕ್ಕು ಗುರುತಿಸಿ. ಇಲ್ಲಿ ಹೊಳೆ ಹರಿಯುವುದು ಉತ್ತರಕ್ಕೆ. ತಲಕಾವೇರಿಯಲ್ಲಿ ಸುಮಾರು 1,300 ಮೀಟರ್ ಎತ್ತರದಲ್ಲಿ ಹುಟ್ಟಿ, ಕೊಡಗಿನ ಬೆಟ್ಟಗಳ ನಡುವೆ ಇಳಿದು, ಸಿದ್ದಾಪುರದ ಆಚೆಗೆ ಉತ್ತರಕ್ಕೆ ಹೊರಳಿ ಇಲ್ಲಿಗೆ ಬರುವಾಗ ಅದು ಸಮುದ್ರಮಟ್ಟದಿಂದ ಸುಮಾರು 830 ಮೀಟರ್ ಎತ್ತರದಲ್ಲಿರುತ್ತದೆ. ಅಂದರೆ ಸುಮಾರು 450 ಮೀಟರಿನಷ್ಟು ಇಳಿಜಾರನ್ನು ಕೊಡಗಿನಲ್ಲೇ ಮುಗಿಸಿಕೊಂಡು ಬಂದಿರುತ್ತದೆ. ಇನ್ನು ಸ್ವಲ್ಪ ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಬಂದು ಸೇರುತ್ತದೆ. ನದಿ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗೈಯ ಕಡೆ ಕೊಪ್ಪ, ಎಡಗೈಯ ಕಡೆ ಕುಶಾಲನಗರ. ಬಲದಂಡೆ ಮೈಸೂರು ಜಿಲ್ಲೆ, ಎಡದಂಡೆ ಕೊಡಗು.

ಈ ಗಡಿ ಯಾವಾಗಲೂ ಗಡಿಯಾಗಿರಲಿಲ್ಲ. ಚೆಂಗಾಳ್ವ ಅರಸರ ಕಾಲದಲ್ಲಿ ಹೊಳೆಯ ಎರಡು ದಡಗಳೂ ಒಂದೇ ರಾಜ್ಯ. ಅವರ ನಂಜರಾಯಪಟ್ಟಣ ಆಚೆ ದಡದಲ್ಲಿ, ಪಿರಿಯಾಪಟ್ಟಣದ ಕೋಟೆ ಈಚೆಗೆ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಪಿರಿಯಾಪಟ್ಟಣವನ್ನು ಗೆದ್ದ ಮೇಲೆ ಈ ದಡ ಮೈಸೂರಿನದಾಯಿತು, ಆ ದಡ ಹಾಲೇರಿ ಅರಸರದು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಮ್ಮದಾಗಿಸಿಕೊಂಡರು. ಅಲ್ಲಿನ ಅಧಿಕಾರಿಯಾಗಿದ್ದ ಕರ್ನಲ್ ಫ್ರೇಸರನ ಹೆಸರಿನಿಂದ ಎದುರಿನ ಪೇಟೆ ಫ್ರೇಸರ್‌ಪೇಟೆ ಆಯಿತು. ಕುಶಾಲನಗರ ಎಂಬ ಹೆಸರಿಗೂ ಒಂದು ಕಥೆ ಇದೆ. ಹೈದರಾಲಿ ಇಲ್ಲಿ ಬೀಡುಬಿಟ್ಟಿದ್ದಾಗ ಮಗ ಟಿಪ್ಪು ಹುಟ್ಟಿದ ಸುದ್ದಿ ಬಂದು, ಖುಷಿಯಿಂದ ಹಾಗೆ ಕರೆದನಂತೆ. ಕೇಳಲು ಸೊಗಸಾಗಿದೆ. ಆದರೆ ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ಹೈದರಾಲಿ ಕೊಡಗಿನತ್ತ ಬಂದದ್ದು 1760ರ ದಶಕದಲ್ಲಿ. ಲೆಕ್ಕ ಕೂಡುವುದಿಲ್ಲ!

ಸ್ವಾತಂತ್ರ್ಯ ಬರುವವರೆಗೂ ಈ ದಡದಲ್ಲಿ ಮಹಾರಾಜರ ಆಳ್ವಿಕೆ, ಆ ದಡದಲ್ಲಿ ಬ್ರಿಟಿಷರ ಕಮಿಷನರ್ ಆಡಳಿತ. ಆ ಮೇಲೂ ಕೊಡಗು ‘ಸಿ’ ದರ್ಜೆಯ ಪ್ರತ್ಯೇಕ ರಾಜ್ಯವಾಗಿಯೇ ಉಳಿಯಿತು. 1952ರ ಚುನಾವಣೆಯ ನಂತರ ಸಿ.ಎಂ. ಪೂಣಚ್ಚನವರು ಅದರ ಮುಖ್ಯಮಂತ್ರಿಯಾಗಿದ್ದರು. ಅಂದರೆ ಕೊಪ್ಪದ ಒಬ್ಬ ರೈತ ಎತ್ತಿನ ಗಾಡಿ ಕಟ್ಟಿಕೊಂಡು ಎದುರಿನ ಪೇಟೆಗೆ ಹೋದರೆ ಇನ್ನೊಂದು ರಾಜ್ಯಕ್ಕೆ, ಇನ್ನೊಬ್ಬ ಮುಖ್ಯಮಂತ್ರಿಯ ಆಡಳಿತಕ್ಕೆ ಹೋಗಿ ಬಂದಂತೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಡಗು ಮೈಸೂರು ರಾಜ್ಯದೊಳಗೆ ಸೇರಿತು. ರಾಜ್ಯಗಳ ನಡುವಿನ ಗೆರೆ ಜಿಲ್ಲೆಗಳ ನಡುವಿನ ಗೆರೆಯಾಯಿತು. ಹೊಳೆ ಮಾತ್ರ ಮೊದಲಿನಂತೆಯೇ ಹರಿಯುತ್ತಿತ್ತು.

ಇಂಥ ಊರುಗಳು ಜಗತ್ತಿನ ಎಲ್ಲ ಕಡೆ ಇವೆ. ಬೋರ್ನಿಯೋ ದ್ವೀಪದ ಈಶಾನ್ಯ ಮೂಲೆಯಲ್ಲಿ ಸೆಬಾಟಿಕ್ ಎಂಬ ಪುಟ್ಟ ದ್ವೀಪವಿದೆ. 1891ರಲ್ಲಿ ಬ್ರಿಟಿಷರೂ ಡಚ್ಚರೂ ಕುಳಿತು, 4 ಡಿಗ್ರಿ 10 ಮಿನಿಟ್ ಉತ್ತರ ಅಕ್ಷಾಂಶವೇ ಗಡಿ ಎಂದು ಆ ದ್ವೀಪದ ನಡುವೆ ಗೆರೆ ಎಳೆದರು. ಇಂದು ಆ ಗೆರೆಯ ಉತ್ತರಕ್ಕೆ ಮಲೇಷ್ಯಾ, ದಕ್ಷಿಣಕ್ಕೆ ಇಂಡೊನೇಷ್ಯಾ. ಅಲ್ಲಿನ ಒಂದು ಹಳ್ಳಿಯಲ್ಲಿ ಮನೆಯ ಹಜಾರ ಒಂದು ದೇಶದಲ್ಲಿ, ಅಡುಗೆಮನೆ ಇನ್ನೊಂದು ದೇಶದಲ್ಲಿ ಇರುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಸಾಮಾನು ಕೊಳ್ಳಲು ಹತ್ತಿರದ ಪೇಟೆ ಆಚೆಗೆ, ರೇಷನ್ ಕಾರ್ಡು ಈಚೆಗೆ ಎಂಬ ಸ್ಥಿತಿ. ಕೊಪ್ಪದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅವರ ತಾಲ್ಲೂಕು ಕಚೇರಿ ಇಪ್ಪತ್ತು ಕಿಲೋಮೀಟರು ಹಿಂದೆ ಪಿರಿಯಾಪಟ್ಟಣದಲ್ಲಿ, ಜಿಲ್ಲಾ ಕಚೇರಿ ಎಂಬತ್ತಕ್ಕೂ ಹೆಚ್ಚು ಕಿಲೋಮೀಟರು ದೂರದ ಮೈಸೂರಿನಲ್ಲಿ. ಸಂತೆ, ಔಷಧಿ ಅಂಗಡಿ, ಜವಳಿ, ಕಾಲೇಜು ಎಲ್ಲ ಸೇತುವೆಯ ಆಚೆ, ನಡೆದೇ ಹೋಗುವಷ್ಟು ದೂರದಲ್ಲಿ. ಪಹಣಿ ಬೇಕಾದರೆ ಪೂರ್ವಕ್ಕೆ ಹೋಗಬೇಕು, ಜ್ವರದ ಮಾತ್ರೆ ಬೇಕಾದರೆ ಪಶ್ಚಿಮಕ್ಕೆ.

ಮಕ್ಕಳ ಓದೂ ಬಹುಮಟ್ಟಿಗೆ ಹೀಗೆಯೇ. ಕುಶಾಲನಗರದಲ್ಲಿ ಪದವಿ ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿವೆ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯ ನಡುವೆ ಸೇತುವೆಯ ಬಳಿ ನಿಂತರೆ ಸಮವಸ್ತ್ರದ ಮಕ್ಕಳು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಪಾಠಕ್ಕೆ ಹೋಗುವುದನ್ನು ಕಾಣಬಹುದು. ಅವರ ಮಾತಿನಲ್ಲಿ ಜಿಲ್ಲೆಯ ಪ್ರಸ್ತಾಪವೇ ಬರುವುದಿಲ್ಲ. “ಹೊಳೆ ಆಚೆಗೆ” ಎನ್ನುತ್ತಾರೆ, ಅಷ್ಟೆ.

ನಕ್ಷೆಯ ಗೆರೆಗಿಂತ ಹಳೆಯದಾದ ಇನ್ನೊಂದು ಗಡಿ ಇಲ್ಲಿದೆ. ಅದು ಮಳೆಯ ಗಡಿ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಪಶ್ಚಿಮಘಟ್ಟವನ್ನು ಏರುವಾಗ ತಣಿದು ಮಳೆ ಸುರಿಸುತ್ತವೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಮಡಿಕೇರಿಯಿಂದ ಮೂವತ್ತು ಕಿಲೋಮೀಟರು ಇಳಿದು ಕೊಪ್ಪಕ್ಕೆ ಬರುವಷ್ಟರಲ್ಲಿ ಅದು ಮೂರನೇ ಒಂದು ಭಾಗದ ಸುಮಾರಿಗೆ ಇಳಿದಿರುತ್ತದೆ. ಪಿರಿಯಾಪಟ್ಟಣದ ಕಡೆ ಇನ್ನೂ ಕಡಿಮೆ. ಆಚೆ ಬೆಟ್ಟಗಳಲ್ಲಿ ಕಾಫಿ, ಏಲಕ್ಕಿ, ಮೆಣಸು. ಈಚೆಗೆ ರಾಗಿ, ಮುಸುಕಿನ ಜೋಳ, ಇತ್ತೀಚಿನ ದಶಕಗಳಲ್ಲಿ ಶುಂಠಿ, ಎಲ್ಲಕ್ಕಿಂತ ಮಿಗಿಲಾಗಿ ಹೊಗೆಸೊಪ್ಪು. ಬೆಟ್ಟದಲ್ಲಿ ಬೆಳೆದ ಕಾಫಿ ಹಣ್ಣು ಒಣಗಲು ಬಿಸಿಲು ಬೇಕು. ಆದ್ದರಿಂದಲೇ ಕಾಫಿ ಕ್ಯೂರಿಂಗ್ ವರ್ಕ್ಸುಗಳು ಕುಶಾಲನಗರದ ಸುತ್ತ ಬಂದು ನೆಲೆಸಿರುವುದು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಉದ್ದನೆಯ ಗೋಡೆ, ಮೇಲೆ ಗಾಳಿಕಿಂಡಿ ಇರುವ ಕಟ್ಟಡಗಳನ್ನು ಎಲ್ಲರೂ ಕಂಡಿರುತ್ತಾರೆ. ಅವೇ ಬ್ಯಾರನ್‌ಗಳು. ಹಸಿ ಎಲೆಯನ್ನು ಕಡ್ಡಿಗಳಿಗೆ ಪೋಣಿಸಿ ಒಳಗೆ ಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಬಿಸಿ ಹೊಗೆ ತಗಡಿನ ಕೊಳವೆಗಳಲ್ಲಿ ಸುತ್ತಿ ಹೊರಹೋಗುವುದರಿಂದ ಎಲೆಗೆ ತಾಗುವುದು ಶಾಖ ಮಾತ್ರ, ಹೊಗೆಯಲ್ಲ. ಮೊದಲು 35ರಿಂದ 40 ಡಿಗ್ರಿ ಸೆಲ್ಸಿಯಸ್. ಆಗ ಎಲೆ ಇನ್ನೂ ಜೀವಂತ. ಅದರ ಪಿಷ್ಟ ಸಕ್ಕರೆಯಾಗುತ್ತದೆ, ಪತ್ರಹರಿತ್ತು ಒಡೆದು ಹೋಗಿ ಅದರಡಿ ಅಡಗಿದ್ದ ಹಳದಿ ಬಣ್ಣ ಮೇಲೆ ಬರುತ್ತದೆ. ಆಮೇಲೆ ಶಾಖವನ್ನು ಹಂತಹಂತವಾಗಿ ಏರಿಸಿ, ಕೊನೆಗೆ ಎಲೆಯ ದಪ್ಪ ನರ ಒಣಗುವಾಗ 70 ಡಿಗ್ರಿಯ ಆಸುಪಾಸಿಗೆ ತರುತ್ತಾರೆ. ಐದಾರು ದಿನ, ರಾತ್ರಿಯೂ ಎಚ್ಚರ. ಒಮ್ಮೆ ನಿದ್ದೆ ಹತ್ತಿದರೆ ಬೆಳೆಯೇ ಕರಿ. ಪುಸ್ತಕದ ‘ಕಿಣ್ವಗಳ ಮೇಲೆ ಉಷ್ಣತೆಯ ಪರಿಣಾಮ’ ಎಂಬ ಪಾಠವನ್ನು ಇಲ್ಲಿನ ಮಕ್ಕಳು ಪುಸ್ತಕಕ್ಕೆ ಮೊದಲು ಬ್ಯಾರನ್ನಿನಲ್ಲೇ ನೋಡಿರುತ್ತಾರೆ.

ಆದರೆ ನೋಡಬಾರದ್ದನ್ನೂ ನೋಡಿರುತ್ತಾರೆ. ಮಳೆಯಲ್ಲಿ ತೊಯ್ದ ಹಸಿ ಎಲೆ ಕೀಳುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರಿ ವಾಕರಿಕೆ, ತಲೆಸುತ್ತು ಬರುತ್ತದೆ. ಮಕ್ಕಳಿಗೆ ಇದು ಬೇಗ ತಗಲುತ್ತದೆ. ‘ಒಂದೆರಡು ಗಂಟೆ ಸಹಾಯ ಮಾಡಲಿ ಬಿಡಿ’ ಎನ್ನುವ ಹೆತ್ತವರು ಇದನ್ನು ತಿಳಿದಿರುವುದು ಒಳ್ಳೆಯದು. ಇನ್ನೊಂದು ಕಷ್ಟ ಕ್ಯಾಲೆಂಡರಿನದು. ಸಸಿ ನಾಟಿ ಮೇ ತಿಂಗಳಲ್ಲಿ, ಎಲೆ ಮುರಿಯುವುದು ಜುಲೈ ನಂತರ, ಹರಾಜು ಕಟ್ಟೆಯಲ್ಲಿ ಹಣ ಕಾಣುವುದು ದಸರಾ ಹೊತ್ತಿಗೆ. ಶಾಲೆ, ಕಾಲೇಜುಗಳು ಶುಲ್ಕ ಕೇಳುವುದು ಜೂನಿನಲ್ಲಿ! ಗೊಬ್ಬರಕ್ಕೂ ಸೌದೆಗೂ ಸಾಲ ಮಾಡಿದ ತಿಂಗಳಲ್ಲೇ ಮಗಳ ಕಾಲೇಜಿನ ಶುಲ್ಕಕ್ಕೂ ಸಾಲ. ತಂಬಾಕು ಬಿಡಿಸಿ ಬೇರೆ ಬೆಳೆ ಬೆಳೆಸಬೇಕೆಂದು ಸರ್ಕಾರಗಳು ಹೇಳುತ್ತಲೇ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ, ಬೆಳೆಗಾರರಿಗೆ ಬದಲಿ ಜೀವನೋಪಾಯ ಕಲ್ಪಿಸುವುದೂ ಅದರ ಒಂದು ಭಾಗ. ಹರಾಜು ಕಟ್ಟೆಯಷ್ಟು ಖಚಿತವಾದ ಮಾರುಕಟ್ಟೆ ಬೇರೆ ಯಾವ ಬೆಳೆಗೆ ಇದೆ ಎಂಬ ರೈತರ ಪ್ರಶ್ನೆಗೆ ಇನ್ನೂ ನೇರ ಉತ್ತರ ಸಿಕ್ಕಿಲ್ಲ.

ಕೊಪ್ಪದ ಹೆದ್ದಾರಿಯಿಂದ ಬೈಲಕುಪ್ಪೆಯ ಕ್ಯಾಂಪುಗಳತ್ತ ತಿರುಗುವ ರಸ್ತೆಯಲ್ಲಿ ನಾಮಫಲಕಗಳ ಲಿಪಿಯೇ ಬದಲಾಗುತ್ತದೆ. 1959ರಲ್ಲಿ ಟಿಬೆಟ್ ತೊರೆದು ಬಂದವರಿಗೆ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಭೂಮಿ ಕೊಡಲು ಒಪ್ಪಿತು. ಮೊದಲ ತಂಡ ಬಂದದ್ದು 1960ರ ಕೊನೆಗೆ. ಹಿಮದ ನಾಡಿನವರು ಕಾಡು ಕಡಿದು, ಬಿದಿರಿನ ಗುಡಿಸಲಿನಲ್ಲಿ ಮಲಗಿ, ಆನೆಗಳ ಕಾಟದ ನಡುವೆ ಮುಸುಕಿನ ಜೋಳ ಬೆಳೆದರು. ಅವರ ಪುನರ್ವಸತಿಗೆಂದೇ 1968ರಲ್ಲಿ ಆರಂಭವಾದ ಸಂಸ್ಥೆ ಮೈರಾಡ. ಮುಂದೆ ಅದು ಕರ್ನಾಟಕದ ಹಳ್ಳಿಗಳ ಸ್ವಸಹಾಯ ಗುಂಪುಗಳ ಕೆಲಸಕ್ಕೆ ಹೆಸರಾಯಿತು. 1963ರಲ್ಲಿ ಪೆನೊರ್ ರಿಂಪೋಚೆ ಕಟ್ಟಲು ತೊಡಗಿದ ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರ 1999ರಲ್ಲಿ ಉದ್ಘಾಟನೆಯಾದಂದಿನಿಂದ ರಜಾದಿನಗಳಲ್ಲಿ ಈ ರಸ್ತೆಯಲ್ಲಿ ವಾಹನಗಳ ಸಾಲೇ ಸಾಲು. ಸುಮಾರು 60 ಅಡಿ ಎತ್ತರದ ಬುದ್ಧನ ಮೂರ್ತಿಯ ಮುಂದೆ ಶಾಲಾ ಪ್ರವಾಸದ ಮಕ್ಕಳು ಬಾಯಿ ತೆರೆದು ನಿಲ್ಲುತ್ತಾರೆ. ಕೊಪ್ಪದ ಆಟೋ ಚಾಲಕರಿಗೂ ಅಂಗಡಿಯವರಿಗೂ ಆ ಮಂದಿರವೇ ಅನ್ನ.

ಆ ಮಕ್ಕಳಿಗೆ ಕಾಣದ ಒಂದು ಗೆರೆಯೂ ಅಲ್ಲಿದೆ. ಇಲ್ಲೇ ಹುಟ್ಟಿ, ಕನ್ನಡದಲ್ಲಿ ಚೌಕಾಶಿ ಮಾಡಿ ತರಕಾರಿ ಕೊಳ್ಳುವ ಎಷ್ಟೋ ಟಿಬೆಟಿಯನ್ನರು ಕಾಗದದಲ್ಲಿ ಇಂದಿಗೂ ವಿದೇಶೀಯರು. ನೋಂದಣಿ ಪುಸ್ತಕವನ್ನು ಆಗಾಗ ನವೀಕರಿಸಿಕೊಳ್ಳಬೇಕು. ಬೇರೆ ದೇಶದಿಂದ ಬಂದ ನೆಂಟ ಅವರ ಮನೆಯಲ್ಲಿ ತಂಗಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು.

ಹೊಳೆ ತಾನೇ ಗಡಿಯನ್ನು ಮರೆತದ್ದೂ ಉಂಟು. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳಲ್ಲಿ ಸುರಿದ ಮಳೆಗೆ ಕಾವೇರಿ ಉಕ್ಕಿ ಕುಶಾಲನಗರದ ನದಿಬದಿಯ ಬಡಾವಣೆಗಳಿಗೆ ನುಗ್ಗಿತು. ಭಾಗಮಂಡಲದ ಮಳೆ ಇಲ್ಲಿಗೆ ನೀರಾಗಿ ತಲಪಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಇಲ್ಲಿ ಮಳೆ ನಿಂತ ಮೇಲೂ ಹೊಳೆ ಏರುತ್ತಿರಬಹುದು. ಆಕಾಶ ನೋಡಿ ನೀರಿಗೆ ಇಳಿಯಬಾರದು ಎಂದು ಹಿರಿಯರು ಮಕ್ಕಳನ್ನು ಗದರಿಸುವುದಕ್ಕೆ ಇದೇ ಕಾರಣ.

ಗಡಿ ಎಂದರೆ ಏನೆಂದು ಕೊಪ್ಪಕ್ಕೆ ನಿಜವಾಗಿ ಗೊತ್ತಾದದ್ದು 2020ರ ಮಾರ್ಚ್‌ನಲ್ಲಿ. ಕೊರೊನಾ ಲಾಕ್‌ಡೌನ್ ಬಂದು ಜಿಲ್ಲೆಗಳ ಗಡಿ ಮುಚ್ಚಿದಾಗ ಸೇತುವೆಯ ಬಳಿ ಪೊಲೀಸ್ ತಡೆ ಬಿತ್ತು. ಬೇರೆ ಊರುಗಳಿಗೆ ಜಿಲ್ಲೆಯ ಗಡಿ ಮುಚ್ಚಿದರೆ ದೂರದ ಪ್ರಯಾಣ ನಿಂತಿತು, ಅಷ್ಟೆ. ಕೊಪ್ಪಕ್ಕೆ ನಿಂತದ್ದು ಪಕ್ಕದ ಬೀದಿ. 1956ಕ್ಕೆ ಮುಂಚೆ ಎರಡು ರಾಜ್ಯಗಳಿದ್ದಾಗಲೂ ನಡೆದುಹೋಗುತ್ತಿದ್ದ ಪೇಟೆಗೆ, ಒಂದೇ ರಾಜ್ಯವಾದ ಅರವತ್ತನಾಲ್ಕು ವರ್ಷಗಳ ಮೇಲೆ ಹೋಗಲಾಗಲಿಲ್ಲ. ಆಚೆ ಕೂಲಿ ಇದ್ದವರ ಕೂಲಿ ನಿಂತಿತು, ಆಚೆ ಓದುತ್ತಿದ್ದವರ ಪಾಠ ಮೊಬೈಲಿಗೆ ಬಂತು. ಒಂದು ಮನೆಯಲ್ಲಿ ಒಂದೇ ಮೊಬೈಲು, ಓದುವವರು ಇಬ್ಬರು ಮೂವರು ಇದ್ದ ಕಡೆ ಆ ಪಾಠ ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಎಂಬುದನ್ನು ಆಯಾ ಮನೆಯವರೇ ಹೇಳಬೇಕು.

ಕೊಪ್ಪವನ್ನು ನೋಡಬೇಕೆನ್ನುವವರು ಮಡಿಕೇರಿ ಬಸ್ಸಿನಲ್ಲಿ ಕುಶಾಲನಗರದ ಟಿಕೆಟ್ ತೆಗೆದುಕೊಂಡರೂ ಸೇತುವೆಯ ಈಚೆಗೇ ಇಳಿಯಬೇಕು. ಸ್ವರ್ಣಮಂದಿರಕ್ಕೆ ಇಲ್ಲಿಂದಲೇ ಆಟೋ ಸಿಗುತ್ತದೆ. ಅಲ್ಲಿಂದ ಮರಳಿ ಬಂದ ಮೇಲೆ ಸೇತುವೆಯನ್ನು ನಡೆದೇ ದಾಟುವುದು ಒಳ್ಳೆಯದು, ವಾಹನಗಳ ಬಗ್ಗೆ ಎಚ್ಚರವಿರಲಿ. ಜುಲೈನಲ್ಲಿ ಬಂದರೆ ಕೆಂಪು ನೀರು ದಡ ತುಂಬಿ ಹೋಗುವುದನ್ನೂ ಮಾರ್ಚ್‌ನಲ್ಲಿ ಬಂದರೆ ಬಂಡೆಗಳ ನಡುವೆ ತೆಳ್ಳಗೆ ಹರಿಯುವುದನ್ನೂ ಕಾಣಬಹುದು. ಎರಡು ಸಲವೂ ಬಂದರೆ ಇನ್ನೂ ಉತ್ತಮ. ಮೈಸೂರಿಗೆ ಹಿಂತಿರುಗುವ ಬಸ್ಸುಗಳು ಕುಶಾಲನಗರದ ನಿಲ್ದಾಣದಲ್ಲೇ ತುಂಬಿಬಿಡುವುದರಿಂದ ಸೀಟು ಬೇಕಾದವರು ಅಲ್ಲಿಗೇ ಹೋಗಿ ಹತ್ತಬೇಕು. ಕೊಪ್ಪದವರೂ ಹಾಗೆಯೇ ಮಾಡುತ್ತಾರೆ.