ಮಾಮಾನ ಕಾರು ತೋರಿಸಿದ ಮನೆ

ಸೇಡಂನಲ್ಲಿರುವ ನಮ್ಮ ಮಾಮಾ ಕಾರು ತಂದದ್ದು ಹೈದರಾಬಾದಿನಿಂದ. ಎಂಟು ವರ್ಷ ಓಡಿದ ಗಾಡಿ. ಅದರ ಪರದೆಯೊಳಗೆ ಎರಡು ಸಂಸಾರ. ಒಂದು ಕಾರಿನದೇ: ರೇಡಿಯೊ, ಮೆಮೊರಿ ಕಾರ್ಡಿನಲ್ಲಿ ತುಂಬಿಸಿಟ್ಟ ನಕಾಶೆ, ಇಂಗ್ಲಿಷಿನಲ್ಲಿ ದಾರಿ ಹೇಳುವ ಹೆಣ್ಣುದನಿ. ವೈರಿನಿಂದ ಫೋನ್ ಸಿಕ್ಕಿಸಿದರೆ ಅದೆಲ್ಲ ಹಿಂದೆ ಸರಿದು ಆಂಡ್ರಾಯ್ಡ್ ಆಟೋ ಬರುತ್ತದೆ. ನನ್ನ ನಕಾಶೆ, ನನ್ನ ಹಾಡು, ಕನ್ನಡದಲ್ಲಿ 'ಎಡಕ್ಕೆ ತಿರುಗಿ'.

ಹಳೆಯದನ್ನು ಕಿತ್ತು ದೊಡ್ಡ ಪರದೆ ಹಾಕಿಸುವ ಆಸೆ ಮಾಮಾಗೆ. ಹಾಕಿಸಿಬಿಡಿ ಎಂದೇ ನಾನೂ ಹೇಳಿದ್ದೆ.

ಲಂಬಾಣಿ ತಾಂಡಾಗಳ ಹಾಡು ಸಂಗ್ರಹ ನನ್ನ ಸಂಶೋಧನೆಯ ಒಂದು ಭಾಗ. ಆ ವಾರ ಶಹಾಬಾದಿನಿಂದ ಶುರುಮಾಡಿ ವಾಡಿ, ಚಿತ್ತಾಪುರದ ಸುತ್ತ ತಿರುಗಿದೆವು. ಶಹಾಬಾದಿನ ಹೊರಗೆ ಕಾರಿನ ನಕಾಶೆ ನಂಬಿ ಒಂದು ರಸ್ತೆಗೆ ಇಳಿದರೆ ಎದುರಿಗೆ ಕಲ್ಲಿನ ಖಣಿ. ರಸ್ತೆಯನ್ನೇ ಚಪ್ಪಡಿ ಮಾಡಿ ಮಾರಿದ್ದರೇನೋ. ವಾಡಿಯಲ್ಲಿ ಪರದೆಯ ಮೇಲಿನ ಸಿಮೆಂಟ್ ಧೂಳು ಒರೆಸುತ್ತ ಮಾಮಾ, "ಇದಕ್ಕ ಏನೂ ಗೊತ್ತಿಲ್ಲ ಅಳಿಯಾ" ಎಂದರು. (ಕಾಗಿಣಾ ತುಂಬಿ ದಂಡೋತಿ ಸೇತುವೆ ಮುಳುಗಿದ್ದನ್ನು ತಿಳಿಯಲು ಫೋನಿಗಿಂತ ಚಹಾದಂಗಡಿಯವನೇ ಮೇಲು, ಆ ಮಾತು ಬೇರೆ.)

ಕಾರು ಹದಿನೈದು ವರ್ಷ ಬಾಳುತ್ತದೆ, ಅದರೊಳಗಿನ ತಂತ್ರಾಂಶ ನಾಲ್ಕೈದು ವರ್ಷಕ್ಕೇ ಮುದಿಯಾಗುತ್ತದೆ. ಪರದೆ ಕಾರಿನದಿರಲಿ, ಬುದ್ಧಿ ಫೋನಿನದಿರಲಿ ಎಂಬ ಲೆಕ್ಕದಲ್ಲೇ 2014ರಲ್ಲಿ ಆಪಲ್ ಕಾರ್‌ಪ್ಲೇ, 2015ರಲ್ಲಿ ಗೂಗಲಿನ ಆಂಡ್ರಾಯ್ಡ್ ಆಟೋ ಬಂದವು. 2023ರಲ್ಲಿ ಅಮೆರಿಕದ ಜನರಲ್ ಮೋಟರ್ಸ್, ಮುಂದಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಇವೆರಡನ್ನೂ ಬಿಟ್ಟು ತನ್ನದೇ ವ್ಯವಸ್ಥೆ ಇಡುವುದಾಗಿ ಹೇಳಿತು. ನಾವು ಎಲ್ಲಿ ತಿರುಗಿದೆವು, ಏನು ಕೇಳಿದೆವು ಎಂಬ ಲೆಕ್ಕ ಯಾರ ಕೈಯಲ್ಲಿ ಇರಬೇಕು ಎನ್ನುವುದೂ ಈ ಜಗಳದೊಳಗಿದೆ. ಗಾಡಿಗಳು ಎರಡನೇ, ಮೂರನೇ ಕೈ ಕಾಣುವ ನಮ್ಮ ತಾಲೂಕುಗಳಲ್ಲಿ ನನ್ನ ಓಟು ಫೋನಿಗೇ ಇತ್ತು.

ಕೊನೆಯ ದಿನ ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಕಡೆ ಹೋದೆವು. ತಾಂಡಾದಲ್ಲಿ ಅರ್ಧ ಮನೆಗಳಿಗೆ ಬೀಗ, ಜನ ಪುಣೆ, ಮುಂಬೈಗೆ ಗುಳೆ ಹೋಗಿದ್ದರು. ಉಳಿದಿದ್ದ ಇಬ್ಬರು ಅಜ್ಜಿಯರು ಹಾಡಿದರು. ರೆಕಾರ್ಡ್ ಮಾಡಲು ಫೋನನ್ನು ಕಾರಿನಿಂದ ಬಿಡಿಸಿಕೊಂಡು ಹೋಗಿದ್ದೆ. ಕತ್ತಲಾದ ಮೇಲೆ ಮರಳಿ ಸಿಕ್ಕಿಸಿದರೆ ನೆಟ್‌ವರ್ಕ್ ಇಲ್ಲ. ನಕಾಶೆಯನ್ನು ಮೊದಲೇ ಇಳಿಸಿಕೊಂಡಿರಲಿಲ್ಲ, ಅದು ನನ್ನದೇ ತಪ್ಪು. ಪರದೆ ಬಿಳಿ ಹಾಳೆ. ಎರಡು ಕವಲು ದಾಟುವಷ್ಟರಲ್ಲಿ ದಾರಿ ತಪ್ಪಿತು. ಕಾಡು, ಇಂಧನವೂ ತಳ ಮುಟ್ಟಿತ್ತು.

"ಅದನ್ನ ತೆಗಿ, ಇದನ್ನ ಕೇಳು" ಎಂದರು ಮಾಮಾ.

ಕಾರಿನ ನಕಾಶೆಗೆ ನೆಟ್‌ವರ್ಕಿನ ಹಂಗಿಲ್ಲ. ಉಪಗ್ರಹ ಕಂಡರೆ ಸಾಕು. ಅವಸರದಲ್ಲಿ ಮನೆಯ ಚಿತ್ರವನ್ನೇ ಒತ್ತಿದೆ. ಹೆಣ್ಣುದನಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಎಂದಿತು. ಹೈದರಾಬಾದಿನ ಯಾವುದೋ ಗಲ್ಲಿ. ಕೆಳಗೆ ಹಿಂದಿನವರು ಹೋಗಿಬಂದ ಜಾಗಗಳ ಪಟ್ಟಿ: ಒಂದು ಶಾಲೆ, ವಿಮಾನ ನಿಲ್ದಾಣ, ಒಂದು ಡಯಾಲಿಸಿಸ್ ಸೆಂಟರ್.

ಮಾಮಾ ಗಾಡಿ ನಿಲ್ಲಿಸಿದರು. "ಅಪ್ಪಂದು ಗಾಡಿ ಅಂದಿದ್ದ ಆ ಹುಡುಗ. ನಾ ರೇಟಿನ ಸಲುವಾಗಿ ಭಾಳ ಜಗ್ಗ್ಯಾಡಿದೆ."

ಪಟ್ಟಿಯಲ್ಲಿ ಚಿಂಚೋಳಿ ಹುಡುಕಿ ಒತ್ತಿದೆ. ಆ ಹಳೆಯ ನಕಾಶೆಯೇ ನಮ್ಮನ್ನು ಕಾಡಿನಿಂದ ಹೊರಗೆ ತಂದಿತು.

ಮರುದಿನ ಸೇಡಂನ ಮನೆಯ ಮುಂದೆ, ಅಪರಿಚಿತರ ವಿಳಾಸ ನಮ್ಮ ಗಾಡಿಯಲ್ಲಿರುವುದು ಸರಿಯಲ್ಲ ಎಂದು ಅಳಿಸಲು ಕೂತೆ. ಫೋನಿನಲ್ಲಾದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ವೈರ್ ಕಿತ್ತರೆ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ.

"ತಡಿ, ಅವನಿಗೊಂದು ಮಾತು ಕೇಳ್ತೀನಿ." ಮಾಮಾ ಫೋನ್ ಹಚ್ಚಿ ತೆಲುಗಿನಲ್ಲಿ ವಿಷಯ ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅಳಿಸಿರಿ, ಆದರೆ ಅದಕ್ಕೆ ಮೊದಲು ಆ ಪಟ್ಟಿಯ ಫೋಟೋ ತೆಗೆದು ಕಳಿಸಿರಿ ಎಂದನಂತೆ.

ಪರದೆಯ ಧೂಳು ಒರೆಸಿ ನನ್ನ ಫೋನಿನಲ್ಲಿ ಎರಡು ಫೋಟೋ ತೆಗೆದೆ. ಮೊದಲನೆಯದರಲ್ಲಿ ಬಿಸಿಲು ಬಿದ್ದಿತ್ತು, ಎರಡನೆಯದನ್ನು ಕಳಿಸಿದೆ.